ಸವೆದ ಜಾಗ

“ಬುದ್ಧಿ, ಮಠಕ್ಕೆ ಬಂದ ಹೊಸದರಲ್ಲಿ ದಾಸೋಹದ ಊಟಕ್ಕೆ ಕೂತರೆ ಕಣ್ಣು ತುಂಬಿ ಬರುತ್ತಿತ್ತು. ಈಗಲೂ ಅದೇ ಅನ್ನ, ಅದೇ ಸಾರು. ಆದರೆ ಮನಸ್ಸಿನಲ್ಲಿ ಏನೂ ಏಳುವುದಿಲ್ಲ. ಉಂಡ ಮನೆಗೆ ಕೃತಘ್ನನಾದ ಮೇಲೆ ಇಲ್ಲಿರುವುದು ಸರಿಯೇ? ಹೊರಟುಹೋಗಲೇ?” ಎಂದು ಶಿಷ್ಯನೊಬ್ಬ ಗುರುಗಳನ್ನು ಕೇಳಿದ.

“ಸಾರಿಗೆ ಉಪ್ಪು ಕಡಿಮೆಯಾಗಿಲ್ಲ ತಾನೇ?” ಎಂದರು ಗುರುಗಳು. ಶಿಷ್ಯ ನಗಲಿಲ್ಲ. “ಹಾಗಾದರೆ ಕೂತುಕೋ. ಗಂಟು ಆಮೇಲೆ ಕಟ್ಟುವಿಯಂತೆ” ಎಂದು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಜವಳಿ ವ್ಯಾಪಾರಿ. ಅವನ ಬಳಿ ಅಪ್ಪನ ಕಾಲದ ಒಂದು ಕಾರು ಇತ್ತು. ಆ ಊರಿನ ಯಾವ ಮನೆಯ ಹೆಣ್ಣು ಗಂಡನ ಮನೆಗೆ ಹೊರಟರೂ ಆ ಕಾರಿನಲ್ಲೇ ಹೊರಡುವುದು ರೂಢಿ. ಛತ್ರದಿಂದ ಊರಾಚೆಯ ಸೇತುವೆಯವರೆಗೆ ಮುಂದೆ ವಾಲಗ, ಅದರ ಹಿಂದೆ ಕಾರು. ವ್ಯಾಪಾರಿಯೇ ಓಡಿಸುತ್ತಿದ್ದ. ಬಾಡಿಗೆಯ ಮಾತೆತ್ತಿದರೆ ಅವನಿಗೆ ಕೋಪ ಬರುತ್ತಿತ್ತು. ಬಡವರ ಮಗಳೂ ಅದರಲ್ಲೇ, ಸಾಹುಕಾರರ ಮಗಳೂ ಅದರಲ್ಲೇ.

ಒಂದು ವರ್ಷ ಕಾರು ಕೈಕೊಟ್ಟಿತು. ವಾಲಗದ ಹಿಂದೆ ಹೋಗುತ್ತ ಹೋಗುತ್ತ ಕೆಮ್ಮಿ ನಿಂತುಬಿಟ್ಟಿತು. ದೃಷ್ಟಿಯಾಗಿದೆ ಎಂದು ಜನ ಅದಕ್ಕೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಮುಂದಿನ ಮದುವೆಯಲ್ಲೂ ನಿಂತಿತು. ಇನ್ನಷ್ಟು ಕಟ್ಟಿದರು. ಕಾರಿನ ಮುಂಭಾಗ ತರಕಾರಿ ಅಂಗಡಿಯಾಯಿತೇ ಹೊರತು ಕಾರು ಮುಂದೆ ಹೋಗಲಿಲ್ಲ. ಹೆಣ್ಣು ಕೂತ ಕಾರು ನಡುದಾರಿಯಲ್ಲಿ ನಿಲ್ಲಬಾರದು ಎಂದು ಊರವರು ಅದನ್ನು ಕರೆಯುವುದನ್ನೇ ಬಿಟ್ಟರು.

ಅಷ್ಟರಲ್ಲಿ ವ್ಯಾಪಾರಿಯ ಮಗಳಿಗೇ ಮದುವೆ ಗೊತ್ತಾಯಿತು. ಬೀಗರು ಹೊಸ ಕಾರು ತರುತ್ತೇವೆ ಎಂದರು. ವ್ಯಾಪಾರಿಗೂ ಬೇಸರ ಬಂದಿತ್ತು. ಹಳೆಯದನ್ನು ಗುಜರಿಗೆ ಹಾಕುವುದೆಂದು ತೀರ್ಮಾನಿಸಿದ. ಮಗಳು ಒಪ್ಪಲಿಲ್ಲ.

“ನನ್ನ ಓರಗೆಯವರೆಲ್ಲ ಅದರಲ್ಲೇ ಹೋದರಪ್ಪ. ಈಗ ನಾನು ಬೇರೆ ಕಾರು ಹತ್ತಿದರೆ ನಮ್ಮ ಕಾರು ಅಪಶಕುನ ಅಂತ ನಾವೇ ಒಪ್ಪಿಕೊಂಡ ಹಾಗಾಗುತ್ತೆ” ಎಂದಳು.

ವ್ಯಾಪಾರಿ ಕಾರನ್ನು ಗ್ಯಾರೇಜಿಗೆ ಒಯ್ದ. ಮೇಸ್ತ್ರಿ ಪೆಟ್ರೋಲಿನ ಟ್ಯಾಂಕು ತೊಳೆದ, ಪಂಪು ಬದಲಿಸಿದ, ಪ್ಲಗ್ಗು ಬದಲಿಸಿದ. ಹೆದ್ದಾರಿಯಲ್ಲಿ ಓಡಿಸಿ ನೋಡಿದ. ಬಾಣದ ಹಾಗೆ ಹೋಯಿತು. ವ್ಯಾಪಾರಿ ಊರೊಳಗೆ ನಿಧಾನವಾಗಿ ತಂದ. ಕೆಮ್ಮಿ ನಿಂತಿತು. ಮತ್ತೆ ಗ್ಯಾರೇಜಿಗೆ ತಳ್ಳಿಸಿಕೊಂಡು ಬಂದ.

“ಜೋರಾಗಿ ಹೋದರೆ ಸರಿ ಇರುತ್ತೆ ಮೇಸ್ತ್ರಿ. ನಿಂತಲ್ಲೇ ಚಾಲೂ ಇಟ್ಟರೂ ಸರಿ. ವಾಲಗದವರ ಹೆಜ್ಜೆಗೆ ಬಂದಾಗ ಮಾತ್ರ ಸಾಯುತ್ತೆ” ಎಂದ.

ಮೇಸ್ತ್ರಿಗೆ ಬೇಕಾಗಿದ್ದ ಮಾತು ಅದೇ. ಪೆಟ್ರೋಲಿನ ಕಡೆ ಬಿಟ್ಟು ಗಾಳಿಯ ಕಡೆ ತಿರುಗಿದ. ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ ಒಂದು ಪೆಟ್ಟಿಗೆ ಇತ್ತು. ಅದರೊಳಗೆ ಸಣ್ಣದೊಂದು ತಗಡಿನ ಕದ. ಗಾಳಿ ಎಷ್ಟು ಬಂದರೆ ಕದ ಅಷ್ಟು ತೆರೆಯುತ್ತದೆ. ಕದದ ಜೊತೆ ಒಂದು ಲೋಹದ ಬೆರಳು ಕಪ್ಪು ಪಟ್ಟಿಯ ಮೇಲೆ ಸರಿಯುತ್ತ, ಇಷ್ಟು ಗಾಳಿ ಬಂತು ಎಂದು ಸುದ್ದಿ ಕೊಡುತ್ತದೆ. ಆ ಸುದ್ದಿಗೆ ತಕ್ಕಷ್ಟು ಪೆಟ್ರೋಲು ಬರುತ್ತದೆ.

ಮೇಸ್ತ್ರಿ ಪೆಟ್ಟಿಗೆಗೆ ಕರೆಂಟು ಅಳೆಯುವ ಮೀಟರು ಹಚ್ಚಿ, ಕದವನ್ನು ಕೈಯಿಂದಲೇ ಮೆಲ್ಲಗೆ ತಳ್ಳಿದ. ಮೀಟರಿನ ಮುಳ್ಳು ಏರಿತು. ಸ್ವಲ್ಪ ತಳ್ಳಿದ ಮೇಲೆ ಒಂದು ಕಡೆ ದಿಢೀರನೆ ಸೊನ್ನೆಗೆ ಬಿತ್ತು. ಅದನ್ನು ದಾಟಿದರೆ ಮತ್ತೆ ಏರಿತು. ಮುಚ್ಚಳ ತೆಗೆದು ನೋಡಿದರೆ, ಕಪ್ಪು ಪಟ್ಟಿ ಅದೊಂದೇ ಕಡೆ ಬೆಳ್ಳಗೆ ಸವೆದಿತ್ತು. ವಾಲಗದ ಹೆಜ್ಜೆಗೆ ಹೋಗುವಾಗ ಬೆರಳು ನಿಲ್ಲುವುದು ಅಲ್ಲೇ.

“ಗಾಳಿ ಬರ್ತಾನೇ ಇದೆ ಯಜಮಾನ್ರೇ. ಬಂತು ಅಂತ ಹೇಳೋ ಜಾಗ ಸವೆದುಹೋಗಿದೆ” ಎಂದ ಮೇಸ್ತ್ರಿ.

ವ್ಯಾಪಾರಿ ಆ ಬಿಳಿ ಗೆರೆಯನ್ನು ಬಹಳ ಹೊತ್ತು ನೋಡಿದ. ಊರಿನ ಹೆಣ್ಣುಮಕ್ಕಳನ್ನೆಲ್ಲ ಅದೇ ನಿಧಾನದಲ್ಲಿ ಹೊತ್ತು ಹೊತ್ತು ಆದ ಗೆರೆ ಅದು. ಅಂಥ ಕಾರನ್ನು ಗುಜರಿಗೆ ಹಾಕಲು ಹೊರಟಿದ್ದೆನಲ್ಲ ಎಂದು ನೊಂದುಕೊಂಡ.

ಅಂಥ ಪೆಟ್ಟಿಗೆ ಈಗ ಎಲ್ಲೂ ಸಿಗುವುದಿಲ್ಲ. ಮೇಸ್ತ್ರಿ ಸಣ್ಣ ಇಕ್ಕಳ ಹಿಡಿದು ಲೋಹದ ಬೆರಳನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಬಾಗಿಸಿದ. ಈಗ ಅದು ಅದೇ ಪಟ್ಟಿಯ ಮೇಲೆ, ಸವೆಯದ ಜಾಗದಲ್ಲಿ ಸರಿಯತೊಡಗಿತು. ಹೊಸದಾಗಿ ಏನನ್ನೂ ಹಾಕಲಿಲ್ಲ.

ಮದುವೆಯ ದಿನ ವ್ಯಾಪಾರಿ ನಿಂಬೆಹಣ್ಣು, ಮೆಣಸಿನಕಾಯಿಗಳನ್ನೆಲ್ಲ ಬಿಚ್ಚಿ ಹಾಕಿದ. ಮುಂದೆ ವಾಲಗ ಹೊರಟಿತು. ಊರೆಲ್ಲ ಕಾರಿನ ಕೆಮ್ಮಿಗೇ ಕಿವಿಗೊಟ್ಟು ನಿಂತಿತ್ತು. ಕಾರು ಕೆಮ್ಮದೆ ಸೇತುವೆ ಮುಟ್ಟಿತು. ವ್ಯಾಪಾರಿ ಇಳಿದು, ಬೀಗರ ಕಡೆ ತಿರುಗುವ ಮೊದಲು ಕಾರಿಗೆ ಕೈಮುಗಿದ. ಒಳಗೆ ಮಗಳು ಅಳುತ್ತಲೇ ನಗುತ್ತಿದ್ದಳು. ಮರುವಾರವೇ ಬೇರೊಂದು ಮನೆಯವರು ಕಾರು ಕೇಳಲು ಅವನ ಅಂಗಡಿಗೆ ಬಂದರು.

ಗುರುಗಳು ಕತೆ ನಿಲ್ಲಿಸಿದರು. “ಕಾರಿಗಾದರೆ ಬೆರಳಿತ್ತು, ಬುದ್ಧಿ. ನಾನು ಏನನ್ನು ಸರಿಸಲಿ?” ಎಂದ ಶಿಷ್ಯ.

“ನಾಳೆ ದಾಸೋಹದಲ್ಲಿ ಎಲೆಯ ಮುಂದೆ ಕೂರಬೇಡ, ಒಲೆಯ ಮುಂದೆ ಕೂರು” ಎಂದರು ಗುರುಗಳು.