ಕೆರೆ ತಬ್ಬಿಕೊಂಡ ಡೊಳ್ಳುಹೊಟ್ಟೆ ಬೊಂಬೆ

ಹತ್ತಿರ ಬನ್ನಿ, ಕಾಲು ಮಡಚಿ ಕೂತ್ಕೊಳ್ಳಿ. ನೀರು ಕುಡಿಯೋರು ಈಗಲೇ ಕುಡಿದು ಬನ್ನಿ. ಮಧ್ಯದಲ್ಲಿ ಎದ್ದರೆ ಕಥೆ ಅಲ್ಲಿಗೇ ನಿಲ್ಲಿಸ್ತೀನಿ, ಆಮೇಲೆ ಗೋಗರೆದರೂ ಹೇಳಲ್ಲ.

ಒಂದು ರಾಜ್ಯದಲ್ಲಿ ಮುದ್ದರಾಜ ಅಂತ ಒಬ್ಬ ರಾಜ ಇದ್ದ. ಕೆಟ್ಟವನೇನಲ್ಲ. ಆದರೆ ಅರಮನೆ ಬಿಟ್ಟು ಆಚೆ ಬರ್ತಿರಲಿಲ್ಲ. ಯಾರು ಏನು ಹೇಳಿದರೂ "ಹೌದಾ" ಅನ್ನೋನು. ಮಳೆ ಬಂತು ಅಂದರೆ ಹೌದಾ. ಬರಲಿಲ್ಲ ಅಂದರೆ ಅದಕ್ಕೂ ಹೌದಾ. ಇಂಥ ರಾಜನ ಹತ್ತಿರ ಕೆಲಸ ಮಾಡೋಕೆ ಯಾರಿಗೆ ತಾನೇ ಇಷ್ಟ ಇಲ್ಲ, ಹೇಳಿ.

ಆ ರಾಜ್ಯದಲ್ಲಿ ಒಂದು ದೊಡ್ಡ ಕೆರೆ ಇತ್ತು. ಕೆರೆ ಪಕ್ಕದಲ್ಲಿ ಕುಂಬಾರರ ಬೀದಿ, ಮೂವತ್ತು ಮನೆ. ಬೇಸಿಗೇಲಿ ನೀರು ಹಿಂದಕ್ಕೆ ಸರಿದರೆ ಕೆರೆ ಅಂಗಳದಲ್ಲಿ ಜಿಗುಟು ಮಣ್ಣು ಸಿಗೋದು. ಅಗೆದು ತರಬೇಕು. ಕಾಲಲ್ಲಿ ತುಳಿಬೇಕು. ತಿಗರಿ ಅನ್ನೋ ಚಕ್ರದ ಮೇಲಿಟ್ಟು ತಿರುಗಿಸಬೇಕು. ಆಗ ಮಡಕೆ ಆಗುತ್ತೆ, ಮಡಕೆ ಮಾರಿದರೆ ಒಲೆ ಮೇಲೆ ಹಿಟ್ಟು ಬೇಯುತ್ತೆ.

ಕೆರೆ ನೋಡಿಕೊಳ್ಳೋಕೆ ರಾಜ ಒಬ್ಬ ಪಾರುಪತ್ಯಗಾರನನ್ನ ಇಟ್ಟಿದ್ದ. ಸಿಂಗಾರಯ್ಯ ಅಂತ. ಅವನ ಹೊಟ್ಟೆ ಮೊದಲು ಬರ್ತಿತ್ತು, ಅವನು ಆಮೇಲೆ ಬರ್ತಿದ್ದ. ಎಡಗೆನ್ನೆ ಮೇಲೆ ಹುರುಳಿಕಾಳಿನಷ್ಟು ಒಂದು ನರುಲಿ. ತಲೆ ಮೇಲಿನ ಪೇಟ ಯಾವಾಗಲೂ ಬಲಕ್ಕೆ ವಾಲಿರೋದು. ಈ ಮಹಾಶಯನಿಗೆ ಕಲ್ಲಂಗಡಿ ಹಣ್ಣು ಅಂದರೆ ಪ್ರಾಣ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಸಾಯಂಕಾಲ ಒಂದು ತಿನ್ನೋನು. ಹಣ್ಣು ಮುಗಿದರೆ ಸಿಪ್ಪೆ ಕೆರೆಯೋನು.

ಒಂದು ಬೇಸಿಗೇಲಿ ಅವನಿಗೆ ಒಂದು ಯೋಚನೆ ಹೊಳೀತು. ಕೆರೆ ಅಂಗಳದಲ್ಲಿ ಕಲ್ಲಂಗಡಿ ಹಾಕಿದರೆ ಹೇಗೆ? ಸರಿ, ಸುತ್ತ ಮುಳ್ಳುಬೇಲಿ ಹಾಕಿಸಿದ. ಕುಂಬಾರರು ಬುಟ್ಟಿ ಹಿಡಿದು ಬಂದರೆ ಬೇಲಿ ಆಚೆಯಿಂದಲೇ ಗದರಿಸಿದ. "ಮಣ್ಣು ಅರಮನೇದು. ಯಾರೂ ಮುಟ್ಟಂಗಿಲ್ಲ, ನಡೀರಿ."

ಒಂದು ತಿಂಗಳಲ್ಲಿ ಮೂವತ್ತು ಮನೆ ತಿಗರಿಯೂ ನಿಂತವು. ರಾಜನ ಹತ್ತಿರ ಹೋಗಿ ಹೇಳೋಣ ಅಂದರೆ ಅರಮನೆ ಬಾಗಿಲಲ್ಲೇ ತಡೀತಾರೆ. ಒಂದು ಸಲ ಹೋದರು, ತಡೆದರು. ಎರಡನೇ ಸಲ ಹೋದರು, ಬೈದರು. ಮೂರನೇ ಸಲ ಹೋದರು, ನಾಯಿ ಬಿಟ್ಟರು.

ಆ ಬೀದೀಲಿ ದ್ಯಾವೀರಮ್ಮ ಅಂತ ಒಬ್ಬಳು ಕುಂಬಾರ್ತಿ. ಒಳ್ಳೆ ಗಟ್ಟಿಗಿತ್ತಿ. ಅವಳ ಮನೆ ಮೂಲೇಲಿ, ಒದ್ದೆ ಗೋಣಿ ಕೆಳಗೆ, ಒಂದೇ ಒಂದು ಮುದ್ದೆ ಮಣ್ಣು ಉಳಿದಿತ್ತು. ಇಡೀ ಬೀದಿಗೆ ಅಷ್ಟೇ.

ನೆರೆಯವರು ಬಂದರು. "ಎರಡು ಮಡಕೆ ಮಾಡೇ ದ್ಯಾವೀರಿ, ನಾಕು ದಿನ ಗಂಜಿಗಾಗುತ್ತೆ" ಅಂದರು.

"ನಾಕು ದಿನ ಆದಮೇಲೆ?" ಅಂದ್ಲು ದ್ಯಾವೀರಮ್ಮ.

ಆ ರಾಜ್ಯದಲ್ಲಿ ಒಂದು ಪದ್ಧತಿ ಇತ್ತು. ರಾಜನ ವರ್ಧಂತಿ ದಿವಸ ಯಾರು ಬೇಕಾದರೂ ಒಂದು ವಸ್ತು ಕಾಣಿಕೆ ತರಬಹುದು. ಆದರೆ ಅದನ್ನ ಸ್ವಂತ ಕೈಯಿಂದ ಮಾಡಿರಬೇಕು, ತನ್ನ ಮನಸ್ಸಲ್ಲಿರೋದನ್ನೇ ಮಾಡಿರಬೇಕು, ಅದರ ಅರ್ಥವನ್ನ ಸಭೇಲಿ ತಾನೇ ಹೇಳಬೇಕು. ರಾಜ ಮೆಚ್ಚಿದವರು ಒಂದು ವರ ಕೇಳಬಹುದು. ದ್ಯಾವೀರಮ್ಮ ಅದನ್ನೇ ನೆನೆಸಿಕೊಂಡು ಮಣ್ಣಿನ ಮುಂದೆ ಕೂತಳು.

ಒಂದು ಡೊಳ್ಳುಹೊಟ್ಟೆ ಆಳು ಮಾಡಿದಳು. ಅವನ ತೊಡೆ ಮೇಲೆ ಕೆರೆ ಇಟ್ಟಳು, ಎರಡೂ ಕೈಯಲ್ಲಿ ಅದನ್ನ ತಬ್ಬಿಕೊಂಡಿರೋ ಹಾಗೆ. ಬಾಯಿ ಅಗಲಿಸಿದಳು, ಇನ್ನೂ ಬೇಕು ಅನ್ನೋ ಹಾಗೆ. ಎಡಗೆನ್ನೆಗೆ ಒಂದು ನರುಲಿ ಅಂಟಿಸಿದಳು. ಪೇಟವನ್ನ ಬಲಕ್ಕೆ ವಾಲಿಸಿದಳು. ಕೊನೇಗೆ ಅವನ ಸುತ್ತ ಪುಟಾಣಿ ತಿಗರಿಗಳನ್ನ ಬೋರಲು ಹಾಕಿ ಇಟ್ಟಳು. ಆ ಬೀದೀಲಿ ತಿಗರಿ ಬೋರಲು ಹಾಕೋದು ಮನೇಲಿ ಸಾವಾದಾಗ ಮಾತ್ರ. ಅದನ್ನ ಮಾಡುವಾಗ ಅವಳ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳೋಕೆ ಹೋಗಿ ಮೂಗಿಗೆಲ್ಲ ಮಣ್ಣಾಯ್ತು. ಎಂಟು ದಿನ ನೆರಳಲ್ಲಿ ಒಣಗಿಸಿ, ಮಡಕೆ ಸುಡೋ ಆವಿಗೇಲಿಟ್ಟು ಸುಟ್ಟಳು. ಬೊಂಬೆ ಕೆಂಪಗೆ ಕಳೆಕಳೆಯಾಗಿ ಬಂತು.

ಆವಿಗೆ ಹೊಗೆ ನೋಡಿ ಸಿಂಗಾರಯ್ಯ ಓಡಿ ಬಂದ. ಓಡಿ ಅಂದರೆ, ಅವನ ಓಟ ಎಷ್ಟೋ ಅಷ್ಟು. ಬೊಂಬೆ ನೋಡಿದ. ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ದ್ಯಾವೀರಮ್ಮ ಇವತ್ತು ನನ್ನ ಕಥೆ ಮುಗೀತು ಅಂದ್ಕೊಂಡಳು.

"ಎಂಥ ಲಕ್ಷಣವಾದ ಗಂಡಸು" ಅಂದ ಸಿಂಗಾರಯ್ಯ. "ಕೆರೇನ ಹೇಗೆ ಕಾಪಾಡ್ತಿದ್ದಾನೆ ನೋಡು."

ಅವಳು ತುಟಿ ಕಚ್ಚಿ ನಗು ನುಂಗಿದಳು. ಪುಣ್ಯಾತ್ಮನಿಗೆ ತನ್ನ ಗುರುತು ತನಗೇ ಹತ್ತಲಿಲ್ಲ.

"ಈ ಮಣ್ಣು ಎಲ್ಲೀದು?" ಅಂತ ಕೇಳಿದ.

"ಕೆರೇದು ಅಯ್ಯನೋರೇ, ಹೋದ ವರ್ಷದ್ದು."

"ಕೆರೆ ನಂದು. ಮಣ್ಣು ನಂದು. ಬೊಂಬೇನೂ ನಂದೇ. ವರ್ಧಂತಿಗೆ ನಾನೇ ಮಾಡಿದ್ದು ಅಂತ ಕೊಡ್ತೀನಿ. ಕೆರೆ ಅಂಗಳಾನ ಶಾಶ್ವತವಾಗಿ ನನ್ನ ಹೆಸರಿಗೆ ಬರೆಸ್ಕೊಂಡು ಊರಗಲ ಕಲ್ಲಂಗಡಿ ಬೆಳೀತೀನಿ."

ಬೊಂಬೆ ಹೋದರೆ ಹೋಗಲಿ, ಅಂಗಳವೇ ಹೋದರೆ ಮೂವತ್ತು ಮನೆ ಗುಳೆ ಹೋಗಬೇಕು. ದ್ಯಾವೀರಮ್ಮ ಯೋಚನೆ ಮಾಡ್ತಾ ನಿಂತಳು.

ಸಿಂಗಾರಯ್ಯ ಬೊಂಬೇನ ಮನೆಗೆ ಸಾಗಿಸಿದ. ಅವನ ಹೆಂಡತಿ ನೋಡಿ, "ರೀ, ಇದು ಥೇಟ್ ನಿಮ್ಮ ಥರಾನೇ ಇದೆಯಲ್ಲ" ಅಂದ್ಲು. ಇವನು ಹಿಗ್ಗಿ ಹೀರೇಕಾಯಿಯಾದ.

ವರ್ಧಂತಿ ದಿವಸ ಬೊಂಬೆ ಸಾಗಿಸೋದು ಹೇಗೆ ಅಂತ ಶುರುವಾಯ್ತು. ಗಾಡಿಯವನನ್ನ ಕರೆದ, ದಾರಿ ತುಂಬ ಹಳ್ಳ ಅಂತ ಅವನು ಒಲ್ಲೆ ಅಂದ. ಸಿಪಾಯಿಗಳನ್ನ ಕರೆದ, ಅವರು ಬೊಂಬೇನ ಕಿವಿ ಹಿಡಿದು ಎತ್ತೋಕೆ ಹೋದರು. ಕೊನೇಗೆ ದ್ಯಾವೀರಮ್ಮನನ್ನೇ ಕರೆಸಿದ. "ತಲೆ ಮೇಲೆ ಹೊತ್ಕೊಂಡು ಬಾ. ಆದರೆ ಇದನ್ನ ಮಾಡಿದ್ದು ಯಾರು ಅಂತ ತುಟಿ ಪಿಟಕ್ ಅನ್ನಬಾರದು."

"ಆಗಲಿ ಅಯ್ಯನೋರೇ" ಅಂದ್ಲು ಅವಳು. ಬಟ್ಟೆ ಸಿಂಬಿ ಸುತ್ತಿ, ಬೊಂಬೇನ ತಲೆ ಮೇಲಿಟ್ಟುಕೊಂಡಳು. ಮೂರು ಸಲ ತಡೆದಿದ್ದ ಅದೇ ಬಾಗಿಲಲ್ಲಿ ನೆಟ್ಟಗೆ ಒಳಗೆ ನಡೆದಳು.

ಸಭೆ ಕಿಕ್ಕಿರಿದಿತ್ತು. ಬೊಂಬೆ ಕೆಳಗಿಟ್ಟ ಕೂಡಲೇ ಎಲ್ಲರೂ ಒಂದು ಸಲ ಬೊಂಬೆ ನೋಡಿದರು, ಒಂದು ಸಲ ಸಿಂಗಾರಯ್ಯನನ್ನ ನೋಡಿದರು, ಆಮೇಲೆ ಶಲ್ಯದ ತುದಿ ಬಾಯಿಗೆ ತುರುಕಿಕೊಂಡರು.

ರಾಜ ಕೇಳಿದ, "ಇದನ್ನ ಮಾಡಿದವರು ಯಾರು?"

"ನಾನೇ ಮಹಾಪ್ರಭು. ನನ್ನ ಸ್ವಂತ ಕೈ, ನನ್ನ ಸ್ವಂತ ಬುದ್ಧಿ."

"ಹೌದಾ. ಇವನು ಯಾರು?"

"ಅದೂ ನಾನೇ ಮಹಾಪ್ರಭು. ಕೆರೇನ ಮಗು ಥರ ಮಡಿಲಲ್ಲಿಟ್ಕೊಂಡಿದ್ದೀನಿ."

"ಹೌದಾ. ಬಾಯಿ ತೆರೆದಿದೆಯಲ್ಲ, ಏನದು?"

ಸಿಂಗಾರಯ್ಯ ತಲೆ ಕೆರೆದುಕೊಂಡ. "ಅದು... ತಮಗೆ ಜಯಘೋಷ ಹಾಕ್ತಿರೋದು."

"ಹೌದಾ. ಸುತ್ತ ಈ ಚಕ್ರಗಳು?"

"ಕಲ್ಲಂಗಡಿ ಹೋಳು ಪ್ರಭು."

"ಕಲ್ಲಂಗಡಿ ಹೋಳಿಗೆ ನಡುವೆ ಗೂಟ ಇರುತ್ತಾ?"

"ಅದು ತೊಟ್ಟು ಪ್ರಭು. ಜಾತಿ ಹಣ್ಣು."

ಸಭೆ ತಡೆಯೋಕಾಗದೆ ಗೊಳ್ಳಂತ ನಕ್ಕಿತು. ರಾಜನಿಗೆ ಏನೋ ಸರಿ ಇಲ್ಲ ಅನ್ನಿಸ್ತು, ಆದರೆ ಏನು ಅಂತ ತಿಳೀಲಿಲ್ಲ. ಬೊಂಬೆ ಪಕ್ಕ ನಿಂತಿದ್ದವಳ ಕಡೆ ತಿರುಗಿದ. "ನೀನು ಯಾರಮ್ಮ? ನಿನಗೆ ಏನನ್ನಿಸುತ್ತೆ?"

ಸಿಂಗಾರಯ್ಯ ಕಣ್ಣು ಕೆಕ್ಕರಿಸಿದ.

"ಹೊತ್ತು ತಂದೋಳು ಪ್ರಭು" ಅಂದ್ಲು ದ್ಯಾವೀರಮ್ಮ. "ನನಗೆ ಒಂದೇ ಕೊರಗು. ಇಷ್ಟು ಚೆಂದದ ಬೊಂಬೆ ಒಂಟಿಯಾಗಿ ಕೂತಿದೆ. ಇಂಥದ್ದೇ ಇನ್ನೊಂದಿದ್ದರೆ ತಮ್ಮ ಬಾಗಿಲ ಎರಡೂ ಪಕ್ಕ ಇಡಬಹುದಿತ್ತು."

"ಹೌದಾ. ಹೌದಲ್ಲ" ಅಂದ ರಾಜ. "ಸಿಂಗಾರಯ್ಯ, ಇನ್ನೊಂದು ಮಾಡು. ನನ್ನ ಎದುರಿಗೇ ಮಾಡು. ಆಮೇಲೆ ವರ ಕೇಳು."

ಸಿಂಗಾರಯ್ಯ ಪೇಟ ಸರಿಮಾಡಿಕೊಂಡ. "ಮಾಡ್ತಿದ್ದೆ ಪ್ರಭು. ಆದರೆ ಮಣ್ಣಿಲ್ಲ."

"ಕೆರೆ ತುಂಬ ಮಣ್ಣಿದೆಯಲ್ಲ?"

"ಅಲ್ಲಿ ಬೇಲಿ ಇದೆ ಪ್ರಭು. ಯಾರೂ ಮುಟ್ಟಂಗಿಲ್ಲ."

"ಬೇಲಿ ಹಾಕಿದ್ದು ಯಾರು?"

ಸಿಂಗಾರಯ್ಯ ಅತ್ತ ನೋಡಿದ, ಇತ್ತ ನೋಡಿದ, ತಪ್ಪಿಸಿಕೊಳ್ಳೋಕೆ ದಾರಿ ಕಾಣಲಿಲ್ಲ. "ನಾನೇ ಪ್ರಭು" ಅಂದ.

ಈ ಸಲ ರಾಜ ಹೌದಾ ಅನ್ನಲಿಲ್ಲ. ಹುಟ್ಟಿದಾಗಿಂದ ಮೊದಲನೇ ಸಲ "ಯಾಕೆ?" ಅಂದ.

ಸಿಂಗಾರಯ್ಯ ತೊದಲಿದ. ರಾಜ ಎದ್ದೇಬಿಟ್ಟ. ಪಲ್ಲಕ್ಕಿ ಬರೋವರೆಗೂ ಕಾಯಲಿಲ್ಲ, ಕಾಲ್ನಡಿಗೇಲಿ ಕೆರೆ ಕಡೆ ಹೊರಟ. ಹಿಂದೆ ಸಭೆಯೆಲ್ಲ ಹೊರಟಿತು. ಬೇಲಿ ನೋಡಿದ. ಒಳಗೆ ಬಳ್ಳಿ ನೋಡಿದ. ಒಂದು ಬುಟ್ಟಿ ಮಣ್ಣು ಅಗೆಸಿ ಸಿಂಗಾರಯ್ಯನ ಮುಂದೆ ಸುರಿಸಿದ. "ಮಾಡು."

ಸಿಂಗಾರಯ್ಯ ಮಣ್ಣನ್ನ ರಾಗಿಮುದ್ದೆ ಕಟ್ಟೋ ಹಾಗೆ ಕಟ್ಟಿದ. ಕೆಳಗೊಂದು ಉಂಡೆ, ಮೇಲೊಂದು ಉಂಡೆ, ಮೂಗಿಗೊಂದು ಚಿಕ್ಕ ಉಂಡೆ. ದ್ಯಾವೀರಮ್ಮನಿಗೆ ಮಣ್ಣು ಹಾಳಾಗೋದು ನೋಡೋಕಾಗಲಿಲ್ಲ. "ಅಯ್ಯನೋರೇ, ಒಳಗೆ ಟೊಳ್ಳಿರಬೇಕು" ಅಂದ್ಲು.

"ಗಟ್ಟಿಯಾಗಿದ್ದರೇನೇ ಬಾಳಿಕೆ" ಅಂದ.

"ಗಾಳಿ ಆಡೋಕೆ ಒಂದು ತೂತಿರಬೇಕು."

"ತೂತಿದ್ದರೆ ಒಡಕಲು ಅಂತಾರೆ."

"ಎಂಟು ದಿನ ಒಣಗಬೇಕು."

"ನಿಮ್ಮ ಕೈಗೆ ಎಂಟು ದಿನ. ನನ್ನ ಕೈಗೆ ಒಂದು ದಿನ ಸಾಕು."

ಮಾರನೇ ದಿನ ಹಸಿ ಹಸೀದನ್ನೇ ಆವಿಗೆಗೆ ಇಟ್ಟ. ರಾಜ ಹತ್ತಿರದಲ್ಲೇ ಚಾಪೆ ಹಾಸಿಕೊಂಡು ಕೂತಿದ್ದ. ಬೆಂಕಿ ಏರಿತು. ಒಂದು ಗಳಿಗೆ, ಎರಡು ಗಳಿಗೆ. ಮೂರನೇ ಗಳಿಗೆಗೆ ಢಮಾರ್ ಅಂತು ನೋಡಿ. ಬೊಂಬೆ ಚೂರು ಚೂರಾಗಿ ಆಕಾಶಕ್ಕೆ ಹಾರಿತು. ರಾಜನ ಕಿರೀಟ ಉರುಳಿತು. ಬೊಂಬೆ ಮೂಗು ಹಾರಿ ಬಂದು ಸಿಂಗಾರಯ್ಯನ ಪೇಟದಲ್ಲಿ ಕೂತಿತು.

ರಾಜ ಬೂದಿ ಒರೆಸಿಕೊಂಡ. "ಇದನ್ನ ಮಾಡಿದವನು ಸಭೇಲಿರೋ ಆ ಬೊಂಬೇನ ಮಾಡಿಲ್ಲ. ಅದು ಯಾರದ್ದು?"

ದ್ಯಾವೀರಮ್ಮ ಸಿಂಗಾರಯ್ಯನ ಕಡೆ ತಿರುಗಿ ವಿನಯವಾಗಿ ಕೇಳಿದಳು, "ಅಯ್ಯನೋರೇ, ಈಗ ತುಟಿ ಪಿಟಕ್ ಅನ್ನಬಹುದಾ?"

ಅವನು ನೆಲ ನೋಡಿದ. ಅವಳು ಹೇಳಿದಳು. "ನಂದು ಪ್ರಭು. ಬಾಯಿ ತೆರೆದಿರೋದು ಜಯಘೋಷಕ್ಕಲ್ಲ, ಹಸಿವಿಗೆ. ತುಂಬಿದ ಹೊಟ್ಟೆಯ ಹಸಿವು. ಸುತ್ತ ಇರೋದು ಕಲ್ಲಂಗಡಿ ಅಲ್ಲ, ನಮ್ಮ ತಿಗರಿ. ಮನೇಲಿ ಸಾವಾದರೆ ಮಾತ್ರ ನಾವು ಬೋರಲು ಹಾಕ್ತೀವಿ. ಈ ವರ್ಷ ಮೂವತ್ತು ಮನೇಲೂ ಬೋರಲು ಹಾಕಿದ್ದೀವಿ. ತಮ್ಮ ಹತ್ತಿರ ಬಾಯಲ್ಲಿ ಹೇಳೋಕೆ ಬಿಡಲಿಲ್ಲ. ಅದಕ್ಕೇ ಇದ್ದ ಒಂದು ಮುದ್ದೇಲಿ ಹೇಳಿದೆ."

ರಾಜನಿಗೆ ನಾಚಿಕೆಯಾಯ್ತು. "ತಪ್ಪು ಬರೀ ಅವನದ್ದಲ್ಲ ಕಣಮ್ಮ, ಕೇಳದೆ ಕೂತಿದ್ದ ನನ್ನದೂ ಹೌದು. ಏನು ಬೇಕು ಕೇಳು."

"ಬೇಲಿ ತೆಗೆಸಿ ಪ್ರಭು. ಬೇರೇನೂ ಬೇಡ."

"ಅಷ್ಟೇನಾ?"

ಅವಳು ಸಿಂಗಾರಯ್ಯನನ್ನ ಅಡಿಯಿಂದ ಮುಡಿಯವರೆಗೆ ಅಳೆದು ನೋಡಿದಳು. "ಅಯ್ಯನೋರ ಮೈಭಾರ ಸುಮ್ಮನೆ ಹಾಳಾಗ್ತಿದೆ. ಮಣ್ಣು ತುಳಿಯೋಕೆ ಕಳಿಸಿಕೊಡಿ. ಒಂದು ವರ್ಷ ಸಾಕು."

ಬೇಲಿ ಅವತ್ತೇ ಹೋಯ್ತು. ಸಿಂಗಾರಯ್ಯ ಪಂಚೆ ಮೇಲೆ ಕಟ್ಟಿಕೊಂಡು ಮಣ್ಣಿಗಿಳಿದ. ಮೊದಲ ದಿನ ಅತ್ತ, ಎರಡನೇ ದಿನ ಬೈದ, ಮೂರನೇ ದಿನ ಗಂಜಿ ಎರಡನೇ ಸಲ ಬಡಿಸಿಕೊಂಡ. ಅವನು ತುಳಿದ ಮಣ್ಣಷ್ಟು ಹದವಾದ ಮಣ್ಣು ಆ ಬೀದಿ ಹಿಂದೆಂದೂ ಕಂಡಿರಲಿಲ್ಲವಂತೆ. ಮೂವತ್ತು ಮನೇಲೂ ತಿಗರಿ ಮತ್ತೆ ತಿರುಗಿದವು.

ಈಗ ನೀತಿ ಕೇಳಿ, ಕಿವಿಗೊಟ್ಟು ಕೇಳಿ. ಇನ್ನೊಬ್ಬರು ಮಾಡಿದ್ದನ್ನ ಕಿತ್ಕೊಂಡು ನಂದು ಅನ್ನೋದು ಸುಲಭ. ಅದನ್ನ ಮಾಡಿದವರ ಮನಸ್ಸಲ್ಲಿ ಏನಿತ್ತು ಅಂತ ಯಾರಾದರೂ ಕೇಳಿದಾಗ ಕಳ್ಳನ ಬಾಯಿಗೆ ಉತ್ತರ ಬರಲ್ಲ. ಆಳೋನು ಆ ಒಂದು ಪ್ರಶ್ನೆ ಕೇಳೋದನ್ನ ಮಾತ್ರ ಕಲಿತಿರಬೇಕು. ಕಥೆ ಮುಗೀತು, ಈಗ ಬೇಕಾದವರು ಎದ್ದು ನೀರು ಕುಡೀರಿ.