ಜೊಂಡು ಇಳಿಯುವ ತನಕ

"ಕಲಿಯಬೇಕಾದದ್ದನ್ನೆಲ್ಲ ಕಲಿತಾಯಿತು. ಇನ್ನೂ ಒಂದು ವರ್ಷ ಇಲ್ಲೇ ಕುಳಿತು ಹೊಸಬರಿಗೆ ಅಕ್ಷರ ತಿದ್ದಿಸಬೇಕೇ, ಗುರುಗಳೇ?"

ಹೀಗೆ ಕೇಳಿದ ಶಿಷ್ಯ ಆ ಮಠದಲ್ಲಿ ಒಂಬತ್ತು ವರ್ಷ ಓದಿದವನು. ಪೇಟೆಯ ಜನ ಅವನ ಪ್ರವಚನ ಕೇಳಿ ಮೆಚ್ಚಿ, ತಮ್ಮಲ್ಲೇ ಬಂದು ನೆಲೆಸಬೇಕೆಂದು ಕರೆದಿದ್ದರು. ಓದು ಮುಗಿಸಿದವರು ಹೊರಡುವ ಮೊದಲು ಒಂದು ವರ್ಷ ಹೊಸಬರಿಗೆ ಪಾಠ ಹೇಳಿಕೊಡಬೇಕೆಂಬುದು ಮಠದ ವಾಡಿಕೆ. ಆ ವರ್ಷ ಅವನಿಗೆ ದಂಡ ಅನ್ನಿಸಿತ್ತು.

ಗುರುಗಳು ನಕ್ಕರು. "ಹೊರಟವನನ್ನು ಕಟ್ಟಿಹಾಕಲು ನನ್ನ ಹತ್ತಿರ ಹಗ್ಗವಿಲ್ಲ. ಒಂದು ಕತೆ ಇದೆ, ಕೇಳಿಕೊಂಡು ಹೋಗು" ಎಂದು ಹೇಳತೊಡಗಿದರು.

ಒಂದು ಊರ ಪಕ್ಕದಲ್ಲಿ ಒಂದು ಜೌಗು ಇತ್ತು. ತಳವೆಲ್ಲ ಬಿಳಿ ಮರಳು. ಮೊಣಕಾಲುದ್ದ ನೀರು. ಒಳಗೆ ನಿಂತವನು ತನ್ನ ಕಾಲ್ಬೆರಳು ಎಣಿಸಬಹುದಾದಷ್ಟು ತಿಳಿ. ಅಲ್ಲಿ ಭತ್ತ ಹಾಕಿದವರಿಗೆ ಬಿತ್ತಿದ ಬೀಜವೂ ವಾಪಸ್ಸು ಬರಲಿಲ್ಲ. ಜೊಂಡು ಮಾತ್ರ ಆಳೆತ್ತರ ಬೆಳೆಯುತ್ತಿತ್ತು. ಹನ್ನೆರಡು ಮನೆಯವರು ಆ ಜೊಂಡಿನಿಂದ ಚಾಪೆ ನೇಯ್ದು ಬದುಕುತ್ತಿದ್ದರು.

ಕೊಯ್ಲಿಗೆ ಅವರದೊಂದು ಕಟ್ಟಳೆ. ಹಸಿರು ಜೊಂಡಿಗೆ ಕುಡುಗೋಲು ಮುಟ್ಟಿಸುವಂತಿಲ್ಲ. ತುದಿಯಲ್ಲಿ ಶುರುವಾದ ಹಳದಿ ಬುಡದ ತನಕ ಬರಬೇಕು. ಅದಕ್ಕೆ ಅವರು 'ಜೊಂಡು ಇಳಿಯುವುದು' ಎನ್ನುತ್ತಿದ್ದರು. ಊರಿನ ಹಿರಿಯಳು ನೀರಿಗಿಳಿದು ಬುಡವನ್ನು ಉಗುರಿನಿಂದ ಒತ್ತಿ ನೋಡುವಳು. ರಸ ಬಂದರೆ ಇನ್ನೂ ಹದಿನೈದು ದಿನ ಕಾಯಬೇಕು. ಅವಳ ಎದುರು ಯಾರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ನೇಯ್ದ ಮೇಲೆ ಕತ್ತರಿಸಿದ ಅಂಚಿನ ಚೂರುಗಳನ್ನು ಒಲೆಗೆ ಹಾಕದೆ ಜೌಗಿಗೇ ಹಾಕುತ್ತಿದ್ದರು. ಹರಿದ ಹಳೆಯ ಚಾಪೆಗೂ ಅದೇ ದಾರಿ.

ಎಂಥ ದಿನಗಳು ಅವು! ಕೊಯ್ಲಾದ ಮೇಲೆ ಹನ್ನೆರಡು ಅಂಗಳದಲ್ಲೂ ಜೊಂಡು ಹರಡಿರುತ್ತಿತ್ತು. ಬೀದಿಗೆ ಕಾಲಿಟ್ಟರೆ ಸಾಕು, ಆ ವಾಸನೆ. ಹೆಂಗಸರು ಎದುರುಬದುರು ಕುಳಿತು ನೇಯುತ್ತ ಇಡೀ ಊರಿನ ಗಂಡಸರನ್ನು ಆಡಿಕೊಂಡು ನಗುತ್ತಿದ್ದರು. ಹೊಸ ಚಾಪೆಯ ಮೇಲೆ ಮೊದಲು ಯಾರು ಮಲಗಬೇಕೆಂದು ಮಕ್ಕಳಿಗೆ ಜಗಳ. ಅಂಥ ನಿದ್ದೆ ಆಮೇಲೆ ಯಾವ ಹಾಸಿಗೆಯಲ್ಲೂ ಬರುವುದಿಲ್ಲ.

ಗುರುಗಳು ತಾವು ಕುಳಿತಿದ್ದ ಚಾಪೆಯ ಅಂಚನ್ನು ಬೆರಳಿನಿಂದ ಸವರಿ ಮುಂದುವರಿಸಿದರು.

ಒಂದು ವರ್ಷ ಒಬ್ಬ ವ್ಯಾಪಾರಿ ಬಂದ. ಹಳದಿ ಚಾಪೆ ಎಲ್ಲ ಕಡೆ ಸಿಗುತ್ತದೆ, ಹಸಿರು ಚಾಪೆ ನೇಯ್ದರೆ ಎಷ್ಟಿದ್ದರೂ ಒಯ್ಯುತ್ತೇನೆ ಎಂದ. ಹಿರಿಯಳು ಆಗದು ಎಂದಳು. ಅವಳ ಮಗ ಊರಿಗೇ ಒಳ್ಳೆಯ ನೇಕಾರ. ಹೊಗಳಿಕೆ ಅಂದರೆ ಅವನಿಗೆ ಪಂಚಪ್ರಾಣ. ಅವ್ವನ ಮಾತು ಮೀರಿ, ಉಳಿದವರನ್ನೂ ಒಪ್ಪಿಸಿ, ಜೊಂಡನ್ನು ಹಸಿರಿರುವಾಗಲೇ ಕೊಯ್ಯಿಸಿ ನೆರಳಲ್ಲಿ ಒಣಗಿಸಿದ. ಸುಳ್ಳೇಕೆ ಹೇಳಲಿ, ಆ ಚಾಪೆಗಳು ಬಹಳ ಚೆನ್ನಾಗಿದ್ದವು. ವ್ಯಾಪಾರಿ ಮಗನ ಕೈಯನ್ನು ಕಣ್ಣಿಗೊತ್ತಿಕೊಂಡ. ಮಗನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮರುವರ್ಷ ಜೊಂಡು ಸೊಂಟದೆತ್ತರ ಬಂತು. ಅದನ್ನೂ ಹಸಿರಲ್ಲೇ ಕೊಯ್ದರು. ಅದರ ಮುಂದಿನ ವರ್ಷ ನೀರಿನಿಂದ ಗೇಣುದ್ದ ಮೇಲೆದ್ದು ನಿಂತುಬಿಟ್ಟಿತು. ನೆಲ ಬಡವಾಗಿದೆ, ಉಣ್ಣಿಸಿದರೆ ಸರಿಹೋಗುತ್ತದೆ ಎಂದುಕೊಂಡ ಮಗ ಹನ್ನೆರಡು ಮನೆಯ ತಿಪ್ಪೆಯನ್ನೂ ಹೊರಿಸಿ ಜೌಗಿಗೆ ಸುರಿಸಿದ. ತಿಳಿನೀರು ಕದಡಿತು. ಪಾಚಿ ಕಟ್ಟಿತು. ಎಂದೂ ಕಾಣದ ಕಳೆ ಎದ್ದು, ಉಳಿದಿದ್ದ ಜೊಂಡೂ ಅದರ ಅಡಿಯಲ್ಲಿ ಕೊಳೆಯಿತು.

ಮಗ ದಡದಲ್ಲಿ ಕುಸಿದು ಕುಳಿತು ಕೇಳಿದ. "ಅವ್ವಾ, ಮರಳಲ್ಲಿದ್ದ ಸಾರ ಎಲ್ಲಿಗೆ ಹೋಯ್ತು?"

"ಮರಳಲ್ಲಿ ಯಾವತ್ತಿತ್ತೋ ಸಾರ?" ಎಂದಳು ಅವ್ವ. "ಇದ್ದಷ್ಟೂ ಜೊಂಡಲ್ಲೇ ಇತ್ತು. ಹಳದಿಯಾಗೋವಾಗ ಅದು ತನ್ನ ಸಾರಾನೆಲ್ಲ ಬೇರಿಗೆ ಇಳಿಸಿಬಿಟ್ಟು, ನಮಗೆ ಬರೀ ಮೈ ಕೊಡ್ತಿತ್ತು. ಆ ಸಾರಾನೇ ಮುಂದಿನ ವರ್ಷದ ಚಿಗುರಿಗೆ ಬುತ್ತಿ. ನೀನು ಬುತ್ತಿ ಸಮೇತ ಕೊಯ್ದು ಕೊಟ್ಟೆ. ಆಮೇಲೆ ತಿಪ್ಪೆ ಸುರಿದು, ಹಸಿವಲ್ಲೇ ಬಾಳೋದು ಕಲಿತ ಜೊಂಡಿನ ಮನೆಗೆ ಹೊರಗಿನ ಕಳೇನ ಕರೆದು ಊಟ ಬಡಿಸ್ದೆ."

ಅವಳು ಬಯ್ಯಲಿಲ್ಲ. ಬೈದಿದ್ದರೆ ಮಗನಿಗೆ ಅಷ್ಟು ನೋವಾಗುತ್ತಿರಲಿಲ್ಲ. ಎರಡು ವರ್ಷದಲ್ಲಿ ಹನ್ನೆರಡು ಮನೆಯವರು ಹನ್ನೆರಡು ದಿಕ್ಕಾದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತಲೆ ತಗ್ಗಿಸಿದ್ದ. ತಡೆಯಲಾರದೆ ಕೇಳಿದ. "ಜೊಂಡು ಮತ್ತೆ ಬರಲೇ ಇಲ್ಲವೇ, ಗುರುಗಳೇ?"

"ಬಂದಿದ್ದರೆ ನಾನು ಇವತ್ತಿಗೂ ಅಲ್ಲೇ ಅವ್ವನ ಅಂಗಳದಲ್ಲಿ ಚಾಪೆ ನೇಯುತ್ತಿದ್ದೆ" ಎಂದರು ಗುರುಗಳು.