ಉಳಿದ ಕರೆಂಟು

ತುಂಗಭದ್ರೆಯ ದಂಡೆಯ ಆಶ್ರಮದಲ್ಲಿ ನೀಲಮ್ಮನವರಿಗೆ ಹಲವು ಶಿಷ್ಯರು. ಅವರಲ್ಲಿ ಪಂಪಾಪತಿಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಧ್ಯಾನದಲ್ಲೂ ಅವನ ಕಣ್ಣು ಅರ್ಧ ತೆರೆದೇ ಇರುತ್ತಿತ್ತು. ಅಮ್ಮ ಯಾರ ಕಡೆ ನೋಡಿದರು, ಯಾರ ಜೊತೆ ಎಷ್ಟು ಹೊತ್ತು ಮಾತಾಡಿದರು ಎಂಬುದರ ಮೇಲೆಯೇ ಅವನ ಧ್ಯಾನ.

ಆಶ್ರಮಕ್ಕೊಂದು ಪದ್ಧತಿ ಇತ್ತು. ಬೆಳಗಿನ ಹೊತ್ತು ನೀಲಮ್ಮ ಹೊಳೆಯ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಕೇಳುವುದಿದ್ದವರು ಹೋಗಿ ಪಕ್ಕದಲ್ಲಿ ಕೂತು ಕೇಳಬೇಕು. ಕೇಳದವರಿಗೆ ಅವರಾಗಿ ಏನೂ ಹೇಳುತ್ತಿರಲಿಲ್ಲ.

ಪಂಪಾಪತಿಯೂ ಮೆಟ್ಟಿಲಿಗೆ ಹೋಗುತ್ತಿದ್ದ. ಕೂರುತ್ತಿರಲಿಲ್ಲ, ಅಷ್ಟೆ.

"ಅಮ್ಮ, ಇಲ್ಲಿ ಜನ ಜಾಸ್ತಿಯಾಯಿತು," ಎಂದ ಒಂದು ಬೆಳಿಗ್ಗೆ, ನಿಂತೇ.

"ಹೌದಾ?"

"ನಿನ್ನೆ ಶರಣಪ್ಪನಿಗೆ ಅಷ್ಟು ಹೊತ್ತು ಹೇಳಿದಿರಿ. ಹೀಗೆ ಎಲ್ಲರಿಗೂ ಹಂಚಿದರೆ ನನ್ನ ಪಾಲಿಗೆ ಏನು ಉಳಿಯುತ್ತದೆ?"

"ನಿನಗೇನು ಬೇಕಾಗಿತ್ತು?"

ಪಂಪಾಪತಿ ಯೋಚಿಸಿದ. "ಅದೇ... ನನ್ನ ಪಾಲು."

ನೀಲಮ್ಮ ಹೊಳೆಯ ಕಡೆ ತಿರುಗಿದರು.

ಅವತ್ತೇ ಮಧ್ಯಾಹ್ನ ಬಿರುಗಾಳಿಗೆ ಬೇವಿನ ಮರವೊಂದು ತಂತಿಯ ಮೇಲೆ ಬಿತ್ತು. ಕರೆಂಟು ಹೋಯಿತು. ಎದ್ದ ಧೂಳಿಗೆ ಕರಿಬಸಜ್ಜನಿಗೆ ಉಬ್ಬಸ ಕೆರಳಿತು.

ಕರಿಬಸಜ್ಜ ಆಶ್ರಮದ ಅಡುಗೆಯವರು. ಉಬ್ಬಸ ಬಂತೆಂದರೆ, ಔಷಧಿಯನ್ನು ಮಂಜಿನಂತೆ ಮಾಡಿ ಮೂಗಿಗೆ ಕೊಡುವ ಪುಟ್ಟ ಯಂತ್ರವೊಂದೇ ಅವರಿಗೆ ಗತಿ.

"ಆಶ್ರಮದ ಜೀಪಿನ ಬ್ಯಾಟರಿ ಬಿಚ್ಚಿಕೊಂಡು ಬಾ, ಪಂಪಾ," ಎಂದರು ನೀಲಮ್ಮ. "ಯಂತ್ರದ ಜೊತೆ ಬ್ಯಾಟರಿಗೆ ಹಾಕುವ ವೈರೂ ಇದೆ. ಬೇಗ ಸಿಕ್ಕಿಸು."

ಪಂಪಾಪತಿ ಬ್ಯಾಟರಿ ತಂದ. ಸಿಕ್ಕಿಸಲಿಲ್ಲ. ಅದರ ಮೈಮೇಲೆ ಬರೆದದ್ದನ್ನು ಓದುತ್ತಾ ನಿಂತ.

"ಅಮ್ಮ, ಇದು ನಾನೂರು ಆಂಪಿಯರ್ ಕರೆಂಟು ಕೊಡುತ್ತದಂತೆ! ಯಂತ್ರಕ್ಕೆ ಬೇಕಾದ್ದು ಬರೀ ಎರಡು. ಸುಟ್ಟು ಹೋಗುತ್ತದೆ."

"ವೋಲ್ಟು ಎಷ್ಟಂತೆ?"

"ಎರಡಕ್ಕೂ ಹನ್ನೆರಡೇ."

"ಮತ್ತೇನು, ಸಿಕ್ಕಿಸು."

"ಉಳಿದ ಮುನ್ನೂರ ತೊಂಬತ್ತೆಂಟು?"

ನೀಲಮ್ಮ ಅಜ್ಜನ ಬೆನ್ನು ನೀವುತ್ತಿದ್ದರು.

ಪಂಪಾಪತಿಗೆ ಒಂದು ಉಪಾಯ ಹೊಳೆಯಿತು. ಹೆಚ್ಚಾದ ಕರೆಂಟನ್ನು ತಿನ್ನಲು ಬೇರೆ ಬಾಯಿಗಳನ್ನು ತಂದರಾಯಿತು! ಉಗ್ರಾಣಕ್ಕೆ ಓಡಿದ. ಹಳೇ ಹೆಡ್‌ಲೈಟು ತಂದು ಬ್ಯಾಟರಿಗೆ ಸಿಕ್ಕಿಸಿದ. ಹಳೇ ಹಾರ್ನು ತಂದ. ಜೀಪಿನೊಳಗಿನ ಪುಟ್ಟ ಫ್ಯಾನು ಕಿತ್ತು ತಂದ. ಭಜನೆಯ ಮೈಕಿನ ಪೆಟ್ಟಿಗೆ ಹೊತ್ತು ತಂದ.

ಎಲ್ಲ ಕೂಡಿ ನೋಡಿದರೂ ಮೂವತ್ತು ಆಂಪಿಯರ್ ದಾಟಲಿಲ್ಲ.

ಕೋಣೆಯಲ್ಲಿ ಹಾಡಹಗಲೇ ದೀಪ ಉರಿಯಿತು. ಫ್ಯಾನು ಇದ್ದಬದ್ದ ಧೂಳನ್ನೆಲ್ಲ ಎಬ್ಬಿಸಿತು. ಹಾರ್ನು ಬಾಯಿ ಮುಚ್ಚಲಿಲ್ಲ.

"ಲೇ ಪಂಪಾ," ಎಂದರು ಅಜ್ಜ, ಉಸಿರು ಎಳೆದೆಳೆದು. "ನನ್ನ ಕಳಿಸೋಕೆ... ಬ್ಯಾಂಡಿನವರನ್ನೂ... ಕರೆಸಿದೆಯೇನೋ?"

"ಇರಿ ಅಜ್ಜಾ! ಇನ್ನೊಂದಿಷ್ಟು ತಂದರೆ ನಿಮ್ಮ ಪಾಲಿಗೆ ಎರಡೇ ಉಳಿಯುತ್ತದೆ!"

ಅಜ್ಜನ ತುಟಿ ನೀಲಿಗಟ್ಟತೊಡಗಿತ್ತು. ನೀಲಮ್ಮ ಎದ್ದು ಬಂದು ಯಂತ್ರದ ವೈರನ್ನು ತಾವೇ ಸಿಕ್ಕಿಸಿದರು. ಪಂಪಾಪತಿ ಕಿವಿ ಮುಚ್ಚಿಕೊಂಡ.

ಯಂತ್ರ ಗುಂಯ್ ಎಂದಿತು. ಔಷಧಿ ಮಂಜಾಗಿ ಅಜ್ಜನ ಮೂಗಿಗೇರಿತು.

"ನೋಡಿದಿರಾ!" ಪಂಪಾಪತಿ ಹಿಗ್ಗಿದ. "ಇಷ್ಟೆಲ್ಲ ಹಾಕಿದ್ದಕ್ಕೇ ಯಂತ್ರ ಬಚಾವಾಯಿತು."

ನೀಲಮ್ಮ ಹಾರ್ನಿನ ವೈರು ಕಿತ್ತರು.

"ಅಮ್ಮಾ! ಅದರ ಪಾಲೂ ಯಂತ್ರಕ್ಕೇ ನುಗ್ಗುತ್ತದೆ!"

ಯಂತ್ರ ಅದೇ ಗುಂಯ್.

ಫ್ಯಾನಿನದನ್ನು ಕಿತ್ತರು. ಅದೇ ಗುಂಯ್. ಮೈಕಿನದನ್ನೂ ಕಿತ್ತರು.

"ಸಾಕಮ್ಮ, ಸಾಕು! ಅಜ್ಜನ ಜೀವದ ಪ್ರಶ್ನೆ!"

"ಅದಕ್ಕೇ," ಎಂದರು ನೀಲಮ್ಮ. "ಇವನ್ನೆಲ್ಲ ಹೀಗೇ ಉರಿಸಿದರೆ ಸಂಜೆಯೊಳಗೆ ಬ್ಯಾಟರಿ ಬರಿದಾಗುತ್ತದೆ. ಅಜ್ಜನಿಗೆ ಮತ್ತೆ ಬೇಕಾದರೆ ಏನು ಮಾಡುತ್ತೀ?"

ಉಳಿದದ್ದು ಹೆಡ್‌ಲೈಟು ಒಂದೇ.

"ಇದನ್ನು ನೀನು ಕೀಳು."

ಪಂಪಾಪತಿ ವೈರು ಹಿಡಿದ. ಅಜ್ಜನ ಮುಖ ನೋಡಿದ. ಕಣ್ಣು ಮುಚ್ಚಿ ಎಳೆದ.

ದೀಪ ಆರಿತು. ಈಗ ಅಷ್ಟು ದೊಡ್ಡ ಬ್ಯಾಟರಿಗೂ ಇಷ್ಟು ಪುಟ್ಟ ಯಂತ್ರಕ್ಕೂ ನಡುವೆ ಬೇರೆ ಯಾರೂ ಇರಲಿಲ್ಲ.

ಯಂತ್ರ ಅದೇ ಗುಂಯ್. ಅದರ ಹಿಂದೆ, ಸ್ವಲ್ಪ ಸ್ವಲ್ಪವೇ ಸಲೀಸಾಗುತ್ತಾ, ಅಜ್ಜನ ಉಸಿರು.

ಎಷ್ಟೋ ಹೊತ್ತಿನ ಮೇಲೆ ಅಜ್ಜ ಮೂಗಿನ ಮೇಲಿದ್ದ ಯಂತ್ರದ ಮಾಸ್ಕು ಸರಿಸಿದರು. "ಪಂಪಾ, ಬ್ಯಾಂಡಿನವರನ್ನು ಊಟ ಹಾಕಿ ಕಳಿಸಿಬಿಡಪ್ಪ."

ಪಂಪಾಪತಿ ನಗಲಿಲ್ಲ. ಬ್ಯಾಟರಿಯ ಪಕ್ಕ ನೆಲದ ಮೇಲೆ ಕೂತುಬಿಟ್ಟ. ಮುಟ್ಟಿ ನೋಡಿದ. ತಣ್ಣಗಿತ್ತು.

"ಅಮ್ಮ, ಇದು ನಾನೂರು ಕೊಡುತ್ತದೆ ಅನ್ನುವುದು ಸುಳ್ಳೇ?"

"ಅಷ್ಟು ಕೊಟ್ಟೇ ಅಲ್ಲವೇ ಜೀಪು ಸ್ಟಾರ್ಟ್ ಆಗುವುದು? ದಿನಾ ನೋಡುತ್ತೀಯಲ್ಲ."

"ಆದರೆ ಅಜ್ಜನ ಯಂತ್ರಕ್ಕೆ ಎರಡೇ ಬಂತು. ಪಾಲು ಹಂಚಿಕೊಳ್ಳುವವರೂ ಇರಲಿಲ್ಲ, ತಡೆಯುವವರೂ ಇರಲಿಲ್ಲ. ಹಾಗಾದರೆ ಉಳಿದದ್ದೆಲ್ಲ ಎಲ್ಲಿಗೆ ಹೋಯಿತು?"

ನೀಲಮ್ಮ ಅಜ್ಜನ ಹೊದಿಕೆ ಸರಿಮಾಡಿದರು.

"ಎಲ್ಲಿಗೂ ಹೋಗಿಲ್ಲಪ್ಪ. ಇನ್ನೂ ಯಾರೂ ಕೇಳಿಲ್ಲ."